ಅಪ್ಪನ ಊಟ, ಓಡಾಟದ ಬಗ್ಗೆ

ಪ್ರೀತಿಯ ಅಕ್ಕ,

ನಿನ್ನ ಮೆಸೇಜ್ ಓದಿದೆ. ಅಪ್ಪ ಊಟ ಬಿಟ್ಟರು ಅಂತ ಅಮ್ಮ ಅತ್ತಳಂತೆ, ನೀನು ಇಬ್ಬರ ಮೇಲೂ ರೇಗಿದೆಯಂತೆ. ಫೋನ್ ಮಾಡಿದರೆ ಅಪ್ಪ ಪಕ್ಕದಲ್ಲೇ ಇರುತ್ತಾರೆ, ಎಲ್ಲ ಬಿಡಿಸಿ ಹೇಳಲು ಆಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಅಮ್ಮನಿಗೆ ಹೇಳು, ಅಪ್ಪ ಹಟ ಮಾಡುತ್ತಿಲ್ಲ. ಕ್ಯಾನ್ಸರ್ ಇಷ್ಟು ಮುಂದುವರಿದಾಗ ಮೈಯೊಳಗೆ ಉರಿಯೂತ ಇರುತ್ತದೆ. ಹಸಿವು ಸಾಯುವುದಕ್ಕೂ ಸ್ನಾಯು ಕರಗುವುದಕ್ಕೂ ಅದು ದೊಡ್ಡ ಕಾರಣ. ಡಾಕ್ಟರುಗಳು ಇದಕ್ಕೆ ಕ್ಯಾಕೆಕ್ಸಿಯಾ ಅನ್ನುತ್ತಾರೆ. ಆರು ತಿಂಗಳಲ್ಲಿ ತಾನಾಗಿಯೇ ತೂಕ ಶೇ. 5ಕ್ಕಿಂತ ಜಾಸ್ತಿ ಇಳಿದರೆ ಅದನ್ನು ಹೀಗೆ ಗುರುತಿಸಬಹುದು ಅಂತ 2011ರಲ್ಲಿ ತಜ್ಞರು ಒಪ್ಪಿಕೊಂಡರು. ಬರೀ ಊಟ ಜಾಸ್ತಿ ಮಾಡಿಸಿ ಇದನ್ನು ಪೂರ್ತಿ ಸರಿಮಾಡಲು ಆಗುವುದಿಲ್ಲ ಅಂತಲೂ ಅವರೇ ಹೇಳಿದರು. ಹಾಗಾಗಿ ಅಮ್ಮನ ಕೈರುಚಿಯ ತಪ್ಪೂ ಅಲ್ಲ ಇದು.

ಹಾಗಂತ ಕೈಬಿಡುವುದೂ ಬೇಡ. ದಿನಕ್ಕೆ ತೂಕದ ಪ್ರತಿ ಕೆಜಿಗೆ 25ರಿಂದ 30 ಕ್ಯಾಲೊರಿ, ಪ್ರೋಟೀನ್ 1 ಗ್ರಾಮಿಗಿಂತ ಜಾಸ್ತಿ, ಆದರೆ 1.5 ಗ್ರಾಂವರೆಗೆ ಅಂತ ಯುರೋಪಿನ ಪೋಷಣೆ ತಜ್ಞರ ಮಾರ್ಗಸೂಚಿ ಹೇಳುತ್ತದೆ. 50 ಕೆಜಿ ಇರುವವರಿಗೆ 50ರಿಂದ 75 ಗ್ರಾಂ ಪ್ರೋಟೀನ್ ಆಯಿತು. ಈ ಲೆಕ್ಕ ಡಯಟಿಶಿಯನ್ ನೋಡಿಕೊಳ್ಳಲಿ, ಅಮ್ಮನ ಕೈಗೆ ಕೊಟ್ಟರೆ ಅಪ್ಪನ ಕಥೆ ಮುಗಿಯಿತು! ಕಿಡ್ನಿ ತೊಂದರೆ ಇದ್ದರೆ ಲೆಕ್ಕವೂ ಬೇರೆ. ಮನೆಯಲ್ಲಿ ನೀವು ಮಾಡಬೇಕಾದ್ದು ಇಷ್ಟೇ: ತಟ್ಟೆ ತುಂಬ ಬಡಿಸಬೇಡಿ, ಸ್ವಲ್ಪ ಸ್ವಲ್ಪ, ಆಗಾಗ. ಮೊಟ್ಟೆ, ಹಾಲು, ಕಾಳು ಯಾವುದು ಒಳಗೆ ಹೋಗುತ್ತದೋ ಅದು. ಬಿಸಿ ಅಡುಗೆಯ ವಾಸನೆಗೆ ಹೊಟ್ಟೆ ತೊಳಸಿದರೆ ಆರಿದ ಮೇಲೆ ಕೊಡಿ.

ಒಂದು ವಿಷಯ ಬಹಳ ಮನೆಗಳಲ್ಲಿ ಯಾರೂ ಕೇಳುವುದೇ ಇಲ್ಲ. ಮಲ ಸರಿಯಾಗಿ ಹೋಗುತ್ತಿದೆಯಾ? ನೋವಿಗೆ ಕೊಡುವ ಮಾರ್ಫಿನ್ ತಗೊಳ್ಳುವವರಿಗೆ ಮಲಬದ್ಧತೆ ಸಾಮಾನ್ಯ, ಹೊಟ್ಟೆ ಕಟ್ಟಿಕೊಂಡವರಿಗೆ ಊಟ ಸೇರೀತೇ? ಬಾಯಿಹುಣ್ಣು, ವಾಕರಿಕೆ, ನೋವು, ಇವಕ್ಕೆಲ್ಲ ಔಷಧಿ ಇದೆ. ಮೊದಲು ಇವನ್ನು ಡಾಕ್ಟರಿಗೆ ಹೇಳು, ಡಬ್ಬಿಯ ಪ್ರೋಟೀನ್ ಪುಡಿ ಆಮೇಲೆ ತರೋಣ.

ಇನ್ನು ಭಾವ ಹೇಳುವ "ಸುಮ್ನೆ ಮಲಗಿರಲಿ ಬಿಡು" ಅನ್ನುವ ಮಾತು. ನನಗೆ ಇದು ಒಪ್ಪಿಗೆಯಿಲ್ಲ. ಹಾಸಿಗೆ ಹಿಡಿದಷ್ಟೂ ಕಾಲಿನ ಶಕ್ತಿ ಹೋಗುತ್ತದೆ, ಕ್ಯಾನ್ಸರಿನ ಈ ಸುಸ್ತು ನಿದ್ದೆ ಮಾಡಿದರೆ ಹೋಗುವಂಥದ್ದೂ ಅಲ್ಲ. ಯುರೋಪಿನ ಐದು ದೇಶ ಮತ್ತು ಆಸ್ಟ್ರೇಲಿಯಾದಲ್ಲಿ, ಬೇರೆ ಅಂಗಗಳಿಗೆ ಹರಡಿದ ಸ್ತನ ಕ್ಯಾನ್ಸರ್ ಇದ್ದ 357 ಜನರ ಮೇಲೆ ನಡೆದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ತರಬೇತಿದಾರರ ಕಣ್ಣೆದುರು ಒಂಬತ್ತು ತಿಂಗಳ ವ್ಯಾಯಾಮ, ಅದರಲ್ಲಿ ಬಹುಪಾಲು ವಾರಕ್ಕೆ ಎರಡು ಸಲ. ಮಾಡಿದವರಿಗೆ ಸುಸ್ತು ಕಡಿಮೆಯಾಯಿತು, ದಿನನಿತ್ಯದ ಬದುಕು ಸುಧಾರಿಸಿತು. ಅವರು ಅಪ್ಪನಿಗಿಂತ ಗಟ್ಟಿ ಇದ್ದವರು, ಅದೇ ಅಳತೆ ಇಲ್ಲಿ ನಡೆಯುವುದಿಲ್ಲ. ಆಯಸ್ಸು ಜಾಸ್ತಿಯಾಗುತ್ತದೆ ಅಂತಲೂ ನಾನು ಹೇಳುತ್ತಿಲ್ಲ. ಅಪ್ಪನಿಗೆ ಕುರ್ಚಿಯಿಂದ ಎದ್ದು ಕೂರುವುದೇ ವ್ಯಾಯಾಮ, ಆಮೇಲೆ ಮನೆಯೊಳಗೇ ನಾಲ್ಕು ಹೆಜ್ಜೆ. ಮಾತಾಡಲು ಆಗದಷ್ಟು ಏದುಸಿರು ಬಂದರೆ ನಿಲ್ಲಿಸಿ. ಜ್ವರ ಇದ್ದ ದಿನ ಬೇಡವೇ ಬೇಡ.

ಮೂಳೆಗೆ ಹರಡಿದೆಯಾ ಅನ್ನುವುದು ಮಾತ್ರ ಮೊದಲೇ ಗೊತ್ತಿರಬೇಕು. ಹರಡಿದ್ದರೆ ಸೊಂಟ ತಿರುಚುವುದು, ಭಾರ ಎತ್ತುವುದು ಅಪಾಯ, ಮೂಳೆ ಮುರಿಯಬಹುದು. ಬೆನ್ನಿನಲ್ಲಿ ಹೊಸ ನೋವು, ಕಾಲಿನಲ್ಲಿ ಬಲ ಇಲ್ಲದಿರುವುದು, ಜೋಮು, ಮೂತ್ರ ಕಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡ, ತಕ್ಷಣ ಆಸ್ಪತ್ರೆ.

ಇದೆಲ್ಲ ನಾವು ನಾವೇ ತೀರ್ಮಾನಿಸುವುದೂ ಸರಿಯಲ್ಲ, ಅಲ್ವಾ? ಬಚ್ಚಲಿಗೆ ಒಬ್ಬರೇ ಹೋಗಬೇಕಾ, ಅಂಗಳದಲ್ಲಿ ಕೂರಬೇಕಾ, ಏನು ಆಸೆ ಅಂತ ಅಪ್ಪನನ್ನೇ ಕೇಳು. ವ್ಯಾಯಾಮ ಅದಕ್ಕೆ ತಕ್ಕಂತೆ ಇರಲಿ. ಬೇಡ ಅಂದ ದಿನ ಒತ್ತಾಯ ಬೇಡ. ಮುಂದೆ ತೀರಾ ಸೋತು ಊಟವೇ ಬೇಡ ಅನ್ನುವ ಹೊತ್ತು ಬಂದರೆ ಆಗಲೂ ಬಲವಂತ ಮಾಡುವುದು ಬೇಡ, ಬಾಯಿ ಒಣಗದಂತೆ ನೋಡಿಕೊಂಡರೆ ಸಾಕು. ಇದನ್ನು ಅಮ್ಮನಿಗೆ ಈಗಲೇ ಹೇಳಬೇಡ.

ಸ್ಕ್ಯಾನ್ ರಿಪೋರ್ಟ್ ಮತ್ತು ಔಷಧಿ ಚೀಟಿಯ ಫೋಟೋ ಕಳಿಸು. ಫಿಸಿಯೋಥೆರಪಿಸ್ಟ್ ಹತ್ತಿರ ಹೋಗುವಾಗಲೂ ಅವೆರಡೂ ಕೈಯಲ್ಲಿರಲಿ.

ನಿನ್ನ ತಂಗಿ