ಪಿಸ್ತೂಲಿನ ಪರವಾನಗಿ ಸೇತುವೆ ದಾಟುವುದಿಲ್ಲ

ಆತ್ಮೀಯ ಸದಸ್ಯರೇ,

ಪೆನ್ಸಿಲ್ವೇನಿಯಾದಿಂದ ನ್ಯೂಜೆರ್ಸಿಗೆ ಕಾರಿನಲ್ಲಿ ಓಡಾಡುವವರು ದಯವಿಟ್ಟು ಗಮನಿಸಿ. ಡೆಲವೇರ್ ನದಿಯ ಸೇತುವೆ ದಾಟಿದ ಮೇಲೂ ನಿಮ್ಮ ಚಾಲನಾ ಪರವಾನಗಿ ನಡೆಯುತ್ತದೆ; ಪಿಸ್ತೂಲಿನದು ನಡೆಯುವುದಿಲ್ಲ, ಏಕೆಂದರೆ ಪಿಸ್ತೂಲು ಒಯ್ಯಲು ಬೇರೆ ಯಾವ ರಾಜ್ಯ ಕೊಟ್ಟ ಪರವಾನಗಿಯನ್ನೂ ನ್ಯೂಜೆರ್ಸಿ ಮಾನ್ಯ ಮಾಡುವುದಿಲ್ಲ. 2013ರಲ್ಲಿ ಪೆನ್ಸಿಲ್ವೇನಿಯಾದ ಪರವಾನಗಿಯಿದ್ದ ಫಿಲಡೆಲ್ಫಿಯಾದ ತಾಯಿಯೊಬ್ಬರು, ನ್ಯೂಜೆರ್ಸಿಯಲ್ಲಿ ಪೊಲೀಸರು ಕಾರು ನಿಲ್ಲಿಸಿದಾಗ ತಮ್ಮ ಬಳಿ ಪಿಸ್ತೂಲಿದೆಯೆಂದು ತಾವಾಗಿಯೇ ಹೇಳಿ ಬಂಧನಕ್ಕೊಳಗಾದರು. ನ್ಯೂಜೆರ್ಸಿಯ ಅಂದಿನ ಗವರ್ನರ್ ಕ್ರಿಸ್ ಕ್ರಿಸ್ಟಿ ಅವರಿಂದ ಕ್ಷಮಾದಾನ ಸಿಕ್ಕಿದ್ದು 2015ರಲ್ಲಿ.

ಎಲ್ಲ ರಾಜ್ಯಗಳೂ ಪರಸ್ಪರರ ಪಿಸ್ತೂಲಿನ ಪರವಾನಗಿಯನ್ನು ಒಪ್ಪಬೇಕೆಂಬ ಮಸೂದೆ 2017ರ ಡಿಸೆಂಬರಿನಲ್ಲಿ ಅಮೆರಿಕದ ಸಂಸತ್ತಿನ ಪ್ರತಿನಿಧಿ ಸಭೆಯಲ್ಲಿ 231–198 ಮತಗಳಿಂದ ಗೆದ್ದರೂ ಸೆನೆಟ್ ದಾಟಲಿಲ್ಲ. ತರಬೇತಿಯನ್ನೇ ಕೇಳದೆ ಪೆನ್ಸಿಲ್ವೇನಿಯಾ ಕೊಡುವ ಪರವಾನಗಿಯನ್ನು, ಗುಂಡು ಹಾರಿಸುವ ಪರೀಕ್ಷೆಯನ್ನೂ ನಡೆಸುವ ನ್ಯೂಜೆರ್ಸಿ ಕಣ್ಣುಮುಚ್ಚಿ ಒಪ್ಪಬೇಕೆನ್ನುವುದು ನನಗೆ ಸರಿ ಕಾಣುವುದಿಲ್ಲ. ತರಬೇತಿಗೆ ಎಲ್ಲೆಡೆ ಒಂದೇ ಅಳತೆ ಮೊದಲು ಬರಲಿ. ಹಾಗೆಂದು ತಿಳಿಯದೆ ಗಡಿ ದಾಟಿದವರನ್ನು ಜೈಲಿಗೆ ಕಳಿಸುವುದೂ ವಿಪರೀತವೇ.

ಎಚ್‌1ಬಿ ವೀಸಾದವರಿಗೆ ಈ ಚರ್ಚೆ ಅನ್ವಯಿಸುವುದೇ ಅಪರೂಪ: ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅವರು ಬಂದೂಕು ಇಟ್ಟುಕೊಳ್ಳುವುದನ್ನೇ ಒಕ್ಕೂಟದ ಕಾನೂನು ನಿಷೇಧಿಸುತ್ತದೆ.