ಒಡೆಯದ ಲಕೋಟೆಗಳು

ಚಿ. ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು.

ನಿನ್ನ ಪತ್ರ ಬಂದು ಐದು ದಿನಗಳಾದವು. ಮನೆಯ ಮೇಲಿನ ಸಾಲ ಹೇಗಾಯಿತು, ಯಾರ ಮಾತು ಕೇಳಿ ಆಯಿತು, ಕಂತು ತಪ್ಪತೊಡಗಿದ್ದು ಎಂದಿನಿಂದ ಎಂಬುದೆಲ್ಲ ನಮ್ಮಿಬ್ಬರಿಗೂ ಗೊತ್ತಿರುವ ವಿಷಯವಾದ್ದರಿಂದ ಅದನ್ನು ಇಲ್ಲಿ ಕೆದಕುವುದಿಲ್ಲ. ಎರಡನೆಯ ಪುಟದ ಕೊನೆಯಲ್ಲಿ, ಬರೆಯಲೋ ಬೇಡವೋ ಎಂದು ಅನುಮಾನಿಸುತ್ತಲೇ ಬರೆದಂತಿರುವ ನಾಲ್ಕು ಸಾಲುಗಳು ನನ್ನನ್ನು ಬಿಡದೆ ಕಾಡುತ್ತಿವೆ. ಬ್ಯಾಂಕಿನಿಂದ ಬಂದ ಲಕೋಟೆಗಳನ್ನು ಅಪ್ಪ ಒಡೆಯದೆ ಬೀರುವಿನಲ್ಲಿ ಬಟ್ಟೆಗಳ ಕೆಳಗೆ ಇಡುತ್ತಿದ್ದಾರೆ, ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ, ಕೇಳಿಬಿಟ್ಟರೆ ಅವರು ಇನ್ನು ಮುಂದೆ ನನ್ನ ಮುಖವನ್ನು ಮೊದಲಿನಂತೆ ನೋಡಲಾರರೇನೋ ಎಂದು ಭಯವಾಗುತ್ತದೆ ಎಂದು ಬರೆದಿದ್ದೀಯೆ.

ಈ ಐದು ದಿನಗಳಲ್ಲಿ ನಾನು ಎರಡು ಬಾರಿ ಭಾವನವರಿಗೆ ಫೋನ್ ಮಾಡಿದೆ. ಎರಡು ಸಲವೂ ಅವರ ಮಂಡಿನೋವಿನ ವಿಷಯ, ಮಳೆಯ ವಿಷಯ ಮಾತಾಡಿ ಇಟ್ಟುಬಿಟ್ಟೆ. 31 ವರ್ಷ ಬ್ಯಾಂಕಿನಲ್ಲಿ ದುಡಿದು, ಅದರಲ್ಲಿ ಆರು ವರ್ಷ ವಸೂಲಾತಿ ವಿಭಾಗದಲ್ಲಿಯೇ ಕುಳಿತು, ಮುಖಪರಿಚಯವಿಲ್ಲದವರ ಬಾಗಿಲಿಗೆ ಹೋಗಿ ಬಾಕಿ ಕೇಳಿದವನಿಗೆ ಅಕ್ಕನ ಗಂಡನನ್ನು ಒಂದು ಮಾತು ಕೇಳಲು ಬಾಯಿ ಬರಲಿಲ್ಲ. ಹೀಗಾಗಿ ನಿನ್ನ ಭಯವನ್ನು ಹಗುರವಾಗಿ ಕಾಣುವ ಯೋಗ್ಯತೆ ನನಗಿಲ್ಲವೆಂದು ಒಪ್ಪಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಆದರೂ ಆ ಸಾಲುಗಳನ್ನು ಓದಿದ ಕೂಡಲೇ ನನ್ನ ಹಳೆಯ ಕಸುಬು ತಲೆಯೆತ್ತಿ ದಿನಗಳನ್ನು ಎಣಿಸತೊಡಗಿತು. ಲಕೋಟೆಯನ್ನು ಒಡೆಯದಿದ್ದರೆ ಪತ್ರ ತಲುಪಿಲ್ಲವೆಂದು ಆಗುವುದಿಲ್ಲ, ಮಗೂ. ಕಂತು 90 ದಿನ ಮೀರಿ ಬಾಕಿ ನಿಂತರೆ ಬ್ಯಾಂಕು ಆ ಖಾತೆಯನ್ನು ಎನ್‌ಪಿಎ, ಅಂದರೆ ಕೆಟ್ಟ ಸಾಲ, ಎಂದು ಬರೆದುಕೊಳ್ಳುತ್ತದೆ. ಆಮೇಲೆ ಅಡಮಾನದ ಸಾಲ ವಸೂಲಿಗೆಂದೇ ಇರುವ 2002ರ ಸರ್ಫೇಸಿ ಕಾಯ್ದೆಯ 13(2)ನೇ ಕಲಮಿನ ಅಡಿಯಲ್ಲಿ ನೋಟಿಸು ಕಳುಹಿಸಿತೆಂದರೆ, ಪೂರ್ತಿ ಬಾಕಿಯನ್ನು ಕಟ್ಟಲು ಆ ನೋಟಿಸಿನ ತಾರೀಖಿನಿಂದ 60 ದಿನಗಳ ಅವಕಾಶವಿರುತ್ತದೆ. ಅದು ಮುಗಿದ ಮೇಲೆ, ಮೊದಲು ನ್ಯಾಯಾಲಯದಲ್ಲಿ ದಾವೆ ಹೂಡದೆಯೇ ಅಡಮಾನದ ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಳ್ಳುವ ಅಧಿಕಾರ ಬ್ಯಾಂಕಿಗಿದೆ. ಆ ಬೀರುವಿನಲ್ಲಿರುವುದು ಬರಿಯ ಕಂತಿನ ಜ್ಞಾಪನಪತ್ರಗಳೋ, ಈ ನೋಟಿಸೋ ಎಂಬುದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಭಾವನವರಿಗೂ ಗೊತ್ತಿರಲಾರದು. ಗೊತ್ತಿಲ್ಲದ ಮೂರು ಜನರ ಮಧ್ಯೆ ದಿನಗಳು ಮಾತ್ರ ಕಳೆಯುತ್ತಿವೆ ಎಂಬುದೇ ನನ್ನ ನಿದ್ದೆಯನ್ನು ಕೆಡಿಸಿರುವುದು.

ನಿನ್ನ ದೊಡ್ಡ ಮಾವನ ಮನೆ ಹರಾಜಿಗೆ ಹೋದದ್ದು ನಿನಗೆ ಗೊತ್ತಿದೆ. ಗೊತ್ತಿಲ್ಲದ ಭಾಗವೊಂದಿದೆ, ಅದನ್ನು ನಾನು ನಿಮ್ಮಮ್ಮನಿಗೂ ಹೇಳಿದವನಲ್ಲ. ಅಣ್ಣನ ಸಾಲವಿದ್ದ ಶಾಖೆಯಲ್ಲಿ ನನ್ನ ಜೊತೆಗೇ ಕೆಲಸಕ್ಕೆ ಸೇರಿದವನೊಬ್ಬನಿದ್ದ. ಅಣ್ಣನ ಖಾತೆ ಕೆಟ್ಟಿದೆ, ಯಾವ ಪತ್ರಕ್ಕೂ ಉತ್ತರವಿಲ್ಲ ಎಂದು ಅವನು ಒಂದು ಸಂಜೆ ನನ್ನ ಕಿವಿಗೆ ಹಾಕಿದ. ಗಿರಾಕಿಯ ಲೆಕ್ಕವನ್ನು ಅವನು ಹಾಗೆ ಹೇಳಬಾರದಿತ್ತು, ಹೇಳಿದ. ಕೇಳಿದ ಮೇಲೆ ನಾನು ಸುಮ್ಮನಿರಬಾರದಿತ್ತು, ಇದ್ದೆ. ಅಪ್ಪ ತೀರಿಕೊಂಡ ಮೇಲೆ ನನ್ನ ಕಾಲೇಜಿನ ಫೀಸು ಕಟ್ಟಿದವನು ಅಣ್ಣ. ಅಂಥವನ ಎದುರಿಗೆ ಕುಳಿತು ‘ಎಷ್ಟು ಬಾಕಿ ಇದೆ’ ಎಂದು ಕೇಳುವಷ್ಟು ದೊಡ್ಡವನೇ ನಾನು ಎಂದುಕೊಂಡೆ, ಅದನ್ನೇ ಗೌರವವೆಂದೂ ನಂಬಿಕೊಂಡೆ. ಹಾಗೆ ಸುಮ್ಮನಿದ್ದ ನಾಲ್ಕು ತಿಂಗಳಲ್ಲಿ ನಾವಿಬ್ಬರೂ ಎಷ್ಟೋ ಸಲ ಒಂದೇ ಪಂಕ್ತಿಯಲ್ಲಿ ಕುಳಿತು ಊಟ ಮಾಡಿದ್ದೇವೆ.

ಸ್ವಾಧೀನದ ನೋಟಿಸನ್ನು ಎರಡು ಪತ್ರಿಕೆಗಳಲ್ಲಿ, ಅವುಗಳಲ್ಲೊಂದು ಸ್ಥಳೀಯ ಭಾಷೆಯದಾಗಿರುವಂತೆ, ಪ್ರಕಟಿಸಬೇಕೆಂದು ನಿಯಮವಿದೆ. ಅಂಥ ನೋಟಿಸುಗಳ ಕರಡನ್ನು ನಾನೇ ಎಷ್ಟೋ ಬಾರಿ ತಿದ್ದಿದ್ದೆ, ಕಾಗುಣಿತ ತಪ್ಪಾಗದಂತೆ ನೋಡುವುದು ನನ್ನ ಕೆಲಸವಾಗಿತ್ತು. ಒಂದು ಬೆಳಿಗ್ಗೆ ಅದೇ ಒಕ್ಕಣೆಯಲ್ಲಿ ಅಣ್ಣನ ಹೆಸರು, ಅದರ ಮುಂದೆ ‘ಬಿನ್’ ಎಂದು ನಮ್ಮಪ್ಪನ ಹೆಸರು, ಮನೆಯ ನಾಲ್ಕು ದಿಕ್ಕಿನ ಚಕ್ಕುಬಂದಿ, ಬಾಕಿಯ ಮೊತ್ತ ಎಲ್ಲವೂ ಅಚ್ಚಾಗಿ ಬಂತು. ನಾನು ಕೇಳಿದ್ದರೆ ಅಣ್ಣನಿಗೆ ನನ್ನೊಬ್ಬನ ಮುಂದೆ ಆಗುತ್ತಿದ್ದ ಸಂಕೋಚವನ್ನು ತಪ್ಪಿಸಲು ಹೋಗಿ, ಪತ್ರಿಕೆ ಓದುವವರೆಲ್ಲರ ಮುಂದೆ ಅವನನ್ನು ನಿಲ್ಲಿಸಿದಂತಾಯಿತು.

ಅವನು ಬಾಡಿಗೆ ಮನೆಗೆ ಹೋಗುವ ದಿನ ಸಾಮಾನು ಕಟ್ಟಲು ಹೋಗಿದ್ದೆ. ಮೇಜಿನ ಖಾನೆಯಲ್ಲಿ ರಬ್ಬರ್ ಬ್ಯಾಂಡು ಹಾಕಿದ 11 ಲಕೋಟೆಗಳು ಸಿಕ್ಕವು. ಒಂದನ್ನೂ ಒಡೆದಿರಲಿಲ್ಲ, ಆದರೆ ಪ್ರತಿಯೊಂದರ ಬೆನ್ನ ಮೇಲೂ ಅದು ಕೈಗೆ ಬಂದ ತಾರೀಖನ್ನು ತನ್ನ ದುಂಡಗಿನ ಅಕ್ಷರಗಳಲ್ಲಿ ಪೆನ್ಸಿಲಿನಿಂದ ಬರೆದು, ಬಂದ ಕ್ರಮದಲ್ಲಿಯೇ ಜೋಡಿಸಿಟ್ಟಿದ್ದ. ಮನೆಗೆ ತಂದು ಒಡೆದು ನೋಡಿದೆ. ಏಳನೆಯದು ಬೆದರಿಕೆಯ ಪತ್ರವಾಗಿರಲಿಲ್ಲ. ಬಡ್ಡಿಯಲ್ಲಿ ರಿಯಾಯಿತಿ ಕೊಟ್ಟು ರಾಜಿಯಲ್ಲಿ ತೀರಿಸಿಕೊಳ್ಳಲು ಸಿದ್ಧವಿದ್ದೇವೆ, ಇಂಥ ದಿನ ಲೋಕ ಅದಾಲತ್‌ಗೆ ಹಾಜರಾಗಿ ಎಂಬ ಕರೆಯಾಗಿತ್ತು. ಆ ದಿನ ಕಳೆದು ಆಗಲೇ ಒಂದು ವರ್ಷವಾಗಿತ್ತು. ಅಣ್ಣನಿಗೆ ಅದನ್ನು ತೋರಿಸಲಿಲ್ಲ. ಈಗ ಅವನಿಲ್ಲ, ತೋರಿಸದೆ ಇದ್ದದ್ದು ಸರಿಯಾಯಿತೋ ತಪ್ಪಾಯಿತೋ ಎಂಬುದು ನನ್ನಲ್ಲಿ ಇವತ್ತಿಗೂ ಇತ್ಯರ್ಥವಾಗಿಲ್ಲ.

ಇಷ್ಟೆಲ್ಲ ಬರೆದು ನಿನ್ನನ್ನು ಇನ್ನಷ್ಟು ಹೆದರಿಸಿದೆನೇನೋ. ಆ ಲಕೋಟೆಗಳೊಳಗೆ ಏನಿದೆಯೋ ಎಂಬ ಅಂಜಿಕೆಗಿಂತ ಕೇಳುವುದರ ಅಂಜಿಕೆಯೇ ನಿನಗೆ ದೊಡ್ಡದಾಗಿ ಕಂಡಿದೆ. ನನಗೂ ಆಗ ಹಾಗೆಯೇ ಕಂಡಿತ್ತು ಎಂದು ಹೇಳುವುದಕ್ಕಾಗಿ ಇಷ್ಟು ದೂರ ಹೋದೆ.

ಅಪ್ಪ ಇಲ್ಲದಾಗ ಅಂಟು ಬಿಡಿಸಿ ಓದಿ ಮತ್ತೆ ಅಂಟಿಸಿಡಲೇ ಎಂದು ಕೇಳಿದ್ದೀಯೆ. ಬೇಡ. ಓದಿದ ಮೇಲೆ ನಿನಗೆ ತಿಳಿದಿದೆಯೆಂಬುದನ್ನೂ ನೀನು ಬಚ್ಚಿಡಬೇಕಾಗುತ್ತದೆ, ಆಗ ಆ ಮನೆಯಲ್ಲಿ ಮುಚ್ಚಿಡುವವರು ಇಬ್ಬರಾಗುತ್ತೀರಿ. ಅದೂ ಅಲ್ಲದೆ ಅವರಿಗೆ ತಿಳಿಯದಂತೆ ನೀನು ಶಾಖೆಗೆ ಹೋದರೂ ಪ್ರಯೋಜನವಾಗದು. ಖಾತೆದಾರರ ಒಪ್ಪಿಗೆಯಿಲ್ಲದೆ ಖಾತೆಯ ವಿವರವನ್ನು ಮಗಳಿಗೂ ಹೇಳುವಂತಿಲ್ಲ. ‘ನನ್ನ ಸಾಲದ ವಿಷಯವಾಗಿ ನನ್ನ ಮಗಳೊಡನೆ ವ್ಯವಹರಿಸಲು ನನ್ನ ಒಪ್ಪಿಗೆಯಿದೆ’ ಎಂದು ಭಾವನವರು ಸಹಿ ಮಾಡಿದ ಒಂದು ಹಾಳೆ ಬೇಕು, ಅಥವಾ ಅವರೇ ಜೊತೆಗೆ ಬರಬೇಕು. ಹೇಗೆ ಸುತ್ತಿ ಬಂದರೂ ದಾರಿ ಅವರ ಮುಂದೆಯೇ ಬಂದು ನಿಲ್ಲುತ್ತದೆ.

ಹೇಗೆ ಕೇಳಬೇಕೆಂದು ಹೇಳಿಕೊಡುವಷ್ಟು ಅನುಭವ, ಈಗಾಗಲೇ ಹೇಳಿದಂತೆ, ನನಗಿಲ್ಲ. ಆದರೆ ಎಷ್ಟು ಬಾಕಿ ಇದೆ ಎಂದು ಮಾತ್ರ ಮೊದಲು ಕೇಳಬೇಡ. ಸಾಲಗಾರನಿಗೆ ಎಲ್ಲರೂ ಕೇಳುವ ಪ್ರಶ್ನೆ ಅದು. ಬ್ಯಾಂಕಿನವರು ಕೇಳುತ್ತಾರೆ, ಏಜೆಂಟರು ಕೇಳುತ್ತಾರೆ, ರಾತ್ರಿ ಮಲಗಿದಾಗ ಅವರ ಮನಸ್ಸೂ ಅದನ್ನೇ ಕೇಳುತ್ತಿರುತ್ತದೆ. ‘ಇವುಗಳಲ್ಲಿ ಕೊನೆಯದು ಯಾವ ತಾರೀಖಿನದು, ಅಪ್ಪ?’ ಎಂದು ಕೇಳಿ ನೋಡು. ತಾರೀಖು ಹೇಳುವುದರಲ್ಲಿ ಯಾರಿಗೂ ಅವಮಾನವಿಲ್ಲ, ಮತ್ತು ಸದ್ಯಕ್ಕೆ ನಮಗೆ ಬೇಕಾಗಿರುವುದೂ ಅದೇ. ಎದುರಿಗೆ ಕುಳಿತುಕೊಳ್ಳಬೇಡ, ಪಕ್ಕದಲ್ಲಿ ಕುಳಿತುಕೋ. ಹಿಂದೆ ವಸೂಲಿಗೆ ಹೋದಾಗ ನಾನು ಯಾವಾಗಲೂ ಎದುರಿಗೇ ಕುಳಿತುಕೊಳ್ಳುತ್ತಿದ್ದೆ, ನಮ್ಮ ಮೇಲಧಿಕಾರಿ ಹಾಗೆಯೇ ಕಲಿಸಿದ್ದರು.

ಒಂದು ವೇಳೆ ಅದು ನಾನು ಹೇಳಿದ 13(2)ರ ನೋಟಿಸೇ ಆಗಿದ್ದರೂ ಎಲ್ಲ ಮುಗಿಯಿತೆಂದು ತಿಳಿಯಬೇಡ. ಆ 60 ದಿನಗಳೊಳಗೆ ಬರವಣಿಗೆಯಲ್ಲಿ ಆಕ್ಷೇಪಣೆ ಅಥವಾ ಮನವಿ ಸಲ್ಲಿಸಿದರೆ, ಬ್ಯಾಂಕು ಅದನ್ನು ಪರಿಶೀಲಿಸಿ, ಒಪ್ಪದಿದ್ದಲ್ಲಿ ಅದಕ್ಕೆ ಕಾರಣವನ್ನು 15 ದಿನಗಳಲ್ಲಿ ತಿಳಿಸಲೇಬೇಕು. ಸ್ವಾಧೀನದ ಕ್ರಮ ಕೈಗೊಂಡಿದ್ದರೂ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು 45 ದಿನಗಳಿವೆ. ಅದಕ್ಕೆ ವಕೀಲರು ಬೇಕು, ಅದು ನನ್ನ ಕೈಮೀರಿದ್ದು. ಅಸಲು ಬಡ್ಡಿ ಸೇರಿದ ಮೊತ್ತದಲ್ಲಿ ಶೇ. 20ಕ್ಕಿಂತ ಕಡಿಮೆ ಬಾಕಿ ಉಳಿದಿದ್ದರೆ ಆ ಕಾಯ್ದೆಯೇ ಅನ್ವಯಿಸುವುದಿಲ್ಲ. ಭಾವನವರು ಇಷ್ಟು ವರ್ಷ ತಪ್ಪದೆ ಕಟ್ಟಿಕೊಂಡು ಬಂದವರಾದ್ದರಿಂದ ಅದನ್ನೂ ಲೆಕ್ಕ ಹಾಕಿ ನೋಡಬೇಕು.

ಇನ್ನೂ ನೋಟಿಸಿನ ಹಂತಕ್ಕೆ ಹೋಗಿರದಿದ್ದರೆ ಮಾತಿಗೆ ಜಾಗ ಹೆಚ್ಚಿದೆ. ಸಾಲದ ಅವಧಿಯನ್ನು ವಿಸ್ತರಿಸಿ ಕಂತನ್ನು ಇಳಿಸಿಕೊಡಿ ಎಂದು ಕೇಳಬಹುದು, ಆದರೆ ಭಾವನವರ ವಯಸ್ಸು ನೋಡಿ ಹಿಂಜರಿಯುತ್ತಾರೆಂಬುದನ್ನೂ ತಿಳಿದಿರು. ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ತೆಗೆಸು. ಕಂತು ತಪ್ಪಿದ್ದಕ್ಕೆ ದಂಡಬಡ್ಡಿ ಸೇರಿಸಿ, ಅದರ ಮೇಲೆ ಮತ್ತೆ ಬಡ್ಡಿ ಹಾಕುವುದನ್ನು ರಿಸರ್ವ್ ಬ್ಯಾಂಕು 2024ರಲ್ಲಿ ಜಾರಿಗೆ ಬಂದ ನಿಯಮದಿಂದ ನಿಲ್ಲಿಸಿದೆ. ದಂಡದ ಶುಲ್ಕ ಹಾಕಬಹುದು, ಅದನ್ನು ಅಸಲಿಗೆ ಸೇರಿಸಿ ಬೆಳೆಸುವಂತಿಲ್ಲ. ಏನು ಕೇಳಿದರೂ ಬರವಣಿಗೆಯಲ್ಲಿ ಕೇಳಿ, ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೋ. ಕೌಂಟರಿನಲ್ಲಿ ಆಡಿದ ಮಾತು ಮ್ಯಾನೇಜರಿಗೆ ವರ್ಗವಾದ ದಿನವೇ ಅವರೊಂದಿಗೆ ಹೊರಟುಹೋಗುತ್ತದೆ, ನಾನೇ ಹಾಗೆ ಎಷ್ಟೋ ಭರವಸೆಗಳನ್ನು ಹೊತ್ತುಕೊಂಡು ಹೋಗಿದ್ದೇನೆ.

ರಾಜಿ ಮಾಡಿಕೊಂಡರೆ ಸಾಲಗಾರರ ಚರಿತ್ರೆಯನ್ನಿಡುವ ಸಿಬಿಲ್‌ನಲ್ಲಿ ‘ಸೆಟಲ್ಡ್’ ಎಂದು ದಾಖಲಾಗುತ್ತದೆ, ಮುಂದೆ ಸಾಲ ಸಿಗುವುದು ಕಷ್ಟ ಎಂದು ನಿನಗೆ ಯಾರೋ ಹೇಳಿದ್ದಾರೆ. ನಿಜ. ಆದರೆ ಎಪ್ಪತ್ತರ ಹತ್ತಿರ ಬಂದವರು ಇನ್ನೊಂದು ಸಾಲ ಮಾಡುವುದೂ ಬೇಡ, ಅದಕ್ಕಾಗಿ ಚಿಂತಿಸುವುದೂ ಬೇಡ. ನೀನು ನಿನ್ನ ಹೆಸರಿನಲ್ಲಿ ವೈಯಕ್ತಿಕ ಸಾಲ ತೆಗೆದು ಇದನ್ನು ತೀರಿಸುತ್ತೇನೆ ಎಂದು ಬರೆದಿರುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ನಿನ್ನ ಪ್ರೀತಿಗೆ ಅಡ್ಡ ಬರುತ್ತಿದ್ದೇನೆಂದು ತಿಳಿಯಬೇಡ. ಆ ಸಾಲದ ಬಡ್ಡಿ ಮನೆಸಾಲದ ಬಡ್ಡಿಗಿಂತ ಸಾಮಾನ್ಯವಾಗಿ ಹೆಚ್ಚು. ಕೆಲವು ವರ್ಷಗಳ ಮೇಲೆ ನೀನೂ ಲಕೋಟೆಗಳನ್ನು ಎಲ್ಲಿಡಲಿ ಎಂದು ಹುಡುಕುವಂತಾಗಬಾರದು. ಮಗಳು ಎಂಬ ಕಾರಣಕ್ಕೆ ನೀನು ಬ್ಯಾಂಕಿಗೆ ಏನೂ ಕೊಡಬೇಕಾಗಿಲ್ಲ, ಆದರೆ ಜಾಮೀನಿಗೆ ಸಹಿ ಹಾಕಿದ ಕ್ಷಣದಿಂದ ಅವರ ಹೊಣೆ ಎಷ್ಟೋ ನಿನ್ನ ಹೊಣೆಯೂ ಅಷ್ಟೇ. 1872ರ ಕರಾರು ಕಾಯ್ದೆಯ 128ನೇ ಕಲಮು ಹೇಳುವುದು ಅದನ್ನೇ. ಯಾವ ಕಾಗದವನ್ನು ಮುಂದಿಟ್ಟರೂ ನನಗೆ ತೋರಿಸದೆ ಸಹಿ ಮಾಡಬೇಡ.

ಫೋನ್ ಸದ್ದಾದರೆ ಅಪ್ಪ ಬೆಚ್ಚುತ್ತಾರೆ ಎಂದೂ ಬರೆದಿದ್ದೀಯೆ. ವಸೂಲಿ ಏಜೆಂಟರು ಬೆಳಿಗ್ಗೆ 8 ಗಂಟೆಗೆ ಮೊದಲು, ಸಂಜೆ 7ರ ನಂತರ ಕರೆ ಮಾಡಿ ಬಾಕಿ ಕೇಳಬಾರದು, ಬೈಯಬಾರದು, ಬೆದರಿಸಬಾರದು ಎಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಮೀರಿದರೆ ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡು, 30 ದಿನಗಳಲ್ಲಿ ಉತ್ತರ ಬರದಿದ್ದರೆ ಗಿರಾಕಿಗಳ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಅವರಿಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. ಆದರೆ ಈ ನಿಯಮವನ್ನು ಭಾವನವರ ಮುಂದೆ ಓದಿ ಹೇಳಲು ಹೋಗಬೇಡ, ನೀನು ತಿಳಿದಿದ್ದರೆ ಸಾಕು.

ಮತ್ತೆ ಆ ಮಾತಿಗೇ ಬರುತ್ತೇನೆ. ಅವರು ನಿನ್ನ ಮುಖವನ್ನು ಮೊದಲಿನಂತೆ ನೋಡಲಾರರೇನೋ ಎಂದಿದ್ದೀಯೆ. ಕೆಲವು ದಿನ ನೋಡದೆ ಇರಬಹುದು, ಹಾಗಾಗದು ಎಂದು ಸುಳ್ಳು ಸಮಾಧಾನ ಹೇಳಲಾರೆ. ರೇಗಲೂಬಹುದು. ನಾನು ಅಣ್ಣನನ್ನು ಕೇಳದೆ ಉಳಿದದ್ದರಿಂದ ನಮ್ಮಿಬ್ಬರ ನೋಟವೇನೂ ಉಳಿಯಲಿಲ್ಲ. ಹರಾಜಿನ ನಂತರ ಅವನು ಬದುಕಿದ್ದ ಒಂಬತ್ತು ವರ್ಷವೂ ನಾವು ಮಾತಾಡುವಾಗ ಇಬ್ಬರೂ ಬಾಗಿಲಿನ ಕಡೆಗೆ ನೋಡುತ್ತಿದ್ದೆವು.

ಭಾನುವಾರ ನಾನು ಮತ್ತೊಮ್ಮೆ ಭಾವನವರಿಗೆ ಫೋನ್ ಮಾಡುತ್ತೇನೆ. ಈ ಸಲ ಮಳೆಯ ವಿಷಯ ಎತ್ತದೆ ಅಣ್ಣನ 11 ಲಕೋಟೆಗಳ ವಿಷಯ ಹೇಳಬೇಕೆಂದಿದ್ದೇನೆ. ಆ ಏಳನೆಯದರ ಬಗ್ಗೆಯೂ. ಅವರ ಬೀರುವಿನ ಮಾತನ್ನು ನಾನು ಎತ್ತುವುದಿಲ್ಲ, ಅದು ನಿನಗೆ ಬಿಟ್ಟದ್ದು. ನನ್ನ ಧೈರ್ಯ ಆ ದಿನವೂ ಕೈಕೊಟ್ಟರೆ ಕ್ಷಮಿಸು, ನೀನು ಕಾಯದೆ ಕೇಳಿಬಿಡು.

ಒಪ್ಪಿಗೆ ಪತ್ರದ ಕರಡನ್ನು ಇದರ ಜೊತೆ ಇಟ್ಟಿದ್ದೇನೆ. ಶಾಖೆಯ ಹೆಸರು ತುಂಬಿದ್ದೇನೆ. ತಾರೀಖಿನ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ, ಅದನ್ನು ಭಾವನವರೇ ಬರೆಯಲಿ.

ಇಂತು,
ನಿನ್ನ ಮಾವ