ಈ ವಾರದ ನಾಣ್ಯ: 1907ರ ಇಪ್ಪತ್ತು ಡಾಲರ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ ಮಾತಾಡುವುದು ಅಮೆರಿಕದ 20 ಡಾಲರ್ ಚಿನ್ನದ ನಾಣ್ಯದ ಬಗ್ಗೆ. 10 ಡಾಲರ್ ನಾಣ್ಯಕ್ಕೆ ಅಲ್ಲಿ ‘ಈಗಲ್’ ಅಂತ ಹೆಸರು. ಇದು ಅದರ ಎರಡರಷ್ಟು, ಹಾಗಾಗಿ ‘ಡಬಲ್ ಈಗಲ್’.

ಬರುವ ಮುಂಚೆ ಇಷ್ಟು ಓದಿಕೊಂಡಿರಿ. ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್‌ಗೆ ತಮ್ಮ ದೇಶದ ನಾಣ್ಯಗಳು ತೀರಾ ಸಪ್ಪೆ ಅನ್ನಿಸಿತ್ತು. ಹಳೆಯ ಗ್ರೀಕ್ ನಾಣ್ಯಗಳ ಹಾಗೆ ಚಿತ್ರ ಉಬ್ಬಿ ನಿಲ್ಲಬೇಕು ಅಂತ ಆಸೆ. ಕೆಲಸವನ್ನು ಶಿಲ್ಪಿ ಅಗಸ್ಟಸ್ ಸೇಂಟ್-ಗಾಡೆನ್ಸ್ ಅವರಿಗೆ ಒಪ್ಪಿಸಿದರು. ಒಂದು ಕಡೆ ಪಂಜು ಹಿಡಿದು ನಡೆದು ಬರುವ ಲಿಬರ್ಟಿ (ಸ್ವಾತಂತ್ರ್ಯದ ಸಂಕೇತವಾದ ಹೆಣ್ಣು), ಇನ್ನೊಂದು ಕಡೆ ಸೂರ್ಯನ ಮೇಲೆ ಹಾರುವ ಹದ್ದು. ನೋಡೋಕೆ ಚೆಂದ, ಆದರೆ ಅಷ್ಟು ಉಬ್ಬು ಒಂದೇ ಏಟಿಗೆ ಮೂಡಬೇಕಲ್ವಾ? ಮೂಡಲಿಲ್ಲ. ಒಂದೊಂದು ನಾಣ್ಯವನ್ನೂ ಮತ್ತೆ ಮತ್ತೆ ಒತ್ತಬೇಕಾಯಿತು. ಕೊನೆಗೆ ಟಂಕಸಾಲೆಯ ಮುಖ್ಯ ಕೆತ್ತನೆಗಾರ ಚಾರ್ಲ್ಸ್ ಬಾರ್ಬರ್ ಉಬ್ಬು ತಗ್ಗಿಸಿದರು. ನನ್ನ ಕಣ್ಣಿಗೆ ಆ ತಗ್ಗಿಸಿದ್ದು ಸ್ವಲ್ಪ ಮಂಕು. ಶಿಲ್ಪಿ ಅಷ್ಟರಲ್ಲೇ, 1907ರ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು.

ಫೋಟೋದಲ್ಲಿ ಇಸವಿ ಗಮನಿಸಿ. ಉಬ್ಬು ಜಾಸ್ತಿ ಇರುವುದರಲ್ಲಿ ಅದು ರೋಮನ್ ಅಂಕಿಯಲ್ಲಿದೆ. ‘ಇನ್ ಗಾಡ್ ವಿ ಟ್ರಸ್ಟ್’ (ದೇವರಲ್ಲಿ ನಮ್ಮ ನಂಬಿಕೆ) ಅನ್ನುವ ಸಾಲು ಮೊದಲು ಇರಲಿಲ್ಲ. ನಾಣ್ಯದ ಮೇಲೆ ದೇವರನ್ನು ತರುವುದು ರೂಸ್‌ವೆಲ್ಟ್‌ಗೆ ಅಪಚಾರ ಅನ್ನಿಸಿತ್ತಂತೆ. 1908ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಹಟ ಹಿಡಿದು ಸೇರಿಸಿತು.

ಅಸಲಿ ನಾಣ್ಯದ ತೂಕ 33.436 ಗ್ರಾಂ, ಅದರಲ್ಲಿ ನೂರಕ್ಕೆ 90 ಭಾಗ ಚಿನ್ನ. ನಕಲಿ ಇದ್ದವರು ಸಂಕೋಚವಿಲ್ಲದೆ ತನ್ನಿ, ಜೊತೆಗೆ ಭೂತಗನ್ನಡಿ ಇರಲಿ. ಬೆಳ್ಳಿಯ ಮಾರ್ಗನ್ ಡಾಲರ್ ಮುಂದಿನ ವಾರಕ್ಕೆ.